ಸೀಮೆಎಣ್ಣೆಗೆ ತಿರುಗಿಸಿದ ಕೂಡ್ಲೆ ಕೆಮ್ಮುವ ಹಳೇ ಔಟ್‌ಬೋರ್ಡ್: ಬಿಚ್ಚುವುದಾ, ಗುಜರಿಗೆ ಕೊಡುವುದಾ?

ಪಂಚಗಂಗಾವಳಿ
ಎಲ್ರಿಗೂ ನಮಸ್ಕಾರ. ಚಿಕ್ಕಪ್ಪನ ನಾಡದೋಣಿಯದ್ದು ಒಂದು ಹಳೇ 9.9 ಎಚ್‌ಪಿ ಟೂ ಸ್ಟ್ರೋಕ್ ಔಟ್‌ಬೋರ್ಡ್, ಅಂದ್ರೆ ದೋಣಿಯ ಹಿಂದೆ ಹೊರಗೆ ಕೂರಿಸುವ ಎಂಜಿನ್ ಉಂಟು. ಎರಡು ಸಿಲಿಂಡರ್, ಪೆಟ್ರೋಲಲ್ಲಿ ಸ್ಟಾರ್ಟ್ ಮಾಡಿ ಆಮೇಲೆ ಸೀಮೆಎಣ್ಣೆಗೆ ತಿರುಗಿಸುವ ಮಾಡೆಲ್. ಅವರು ಕಡಲಿಗೆ ಹೋಗುವುದು ನಿಲ್ಲಿಸಿದ ಮೇಲೆ ಕೊಟ್ಟಿಗೆ ಮೂಲೆಯಲ್ಲಿ ಗೋಣಿ ಹೊದ್ದು ಕೂತಿತ್ತು. ಈ ಮಳೆಗಾಲಕ್ಕೆ ನಾನೂ ತಮ್ಮನೂ ಅದನ್ನು ಇಳಿಸುವ ಅಂತ.

ಸಮಸ್ಯೆ ಇಷ್ಟು. ಪೆಟ್ರೋಲಲ್ಲಿ ಎರಡು ಮೂರು ಎಳೆತಕ್ಕೆ ಸ್ಟಾರ್ಟ್ ಆಗ್ತದೆ, ಚೆಂದ ಓಡ್ತದೆ. ಸೀಮೆಎಣ್ಣೆಗೆ ತಿರುಗಿಸಿ ಸ್ವಲ್ಪ ಹೊತ್ತಿಗೆ ಕೆಮ್ಮು ಶುರು. ಹೊಗೆ ವಿಪರೀತ. ಆಮೇಲೆ ರೇಸ್ ಕೊಟ್ರೆ ಪೂರ್ತಿ ಆಫ್. ಪ್ಲಗ್ ಬಿಚ್ಚಿ ಕಂಡ್ರೆ ಎರಡೂ ಕಪ್ಪು, ಒದ್ದೆ. ಪಂಪಿನ ನೀರು ಹಿಂದಿನ ತೂತಲ್ಲಿ ಬರ್ತದೆ, ಆದ್ರೆ ಜೋರಿಲ್ಲ.

ಒಬ್ಬ ಮೆಕ್ಯಾನಿಕ್‌ಗೆ ತೋರಿಸಿದೆವು. ಒಂದು ನಟ್ಟನ್ನೂ ಬಿಚ್ಚದೆ "ರಿಂಗ್ ಹೋಗಿದೆ, ಕ್ರ್ಯಾಂಕೂ ಹೋಗಿರಬಹುದು, ಗುಜರಿಗೆ ಕೊಟ್ಟು ಹೊಸತು ತಗೊಳ್ಳಿ" ಅಂದ. ಹೊಸತಿಗೆ ದುಡ್ಡಿಲ್ಲ. ನಾವೇ ಮಾಡಿಕೊಳ್ಳಬಹುದಾ? ಸ್ಪಾನರ್ ಹಿಡಿದು ಅಭ್ಯಾಸ ಉಂಟು, ಬೈಕ್ ಎಲ್ಲ ಮನೆಯಲ್ಲೇ ಬಿಚ್ಚುತ್ತೇವೆ.

ಟೂಟಿ_ಆಯಿಲ್
ಕಾರ್ಬೊರೇಟರ್. ಬಿಚ್ಚಿ, ಜೆಟ್ (ಇಂಧನ ಹಾಯುವ ಸಣ್ಣ ತೂತು) ತೊಳೀರಿ, ಮುಗೀತು.

ಕೋಡಿ_ಕಡಲು
ಕಾರ್ಬೊರೇಟರ್ ಆಗಿದ್ರೆ ಪೆಟ್ರೋಲಲ್ಲಿ ಚೆಂದ ಓಡುವುದು ಹೇಗೆ ಮಾರಾಯ್ರೆ? ಎರಡೂ ಅದೇ ಜೆಟ್ಟಲ್ಲೇ ಹೋಗುವುದಲ್ವಾ. ನನ್ನ ಓಟು ಇಗ್ನಿಷನ್ ಕಾಯಿಲಿಗೆ. ತಣ್ಣಗಿದ್ದಾಗ ಸರಿ ಇರ್ತದೆ, ಬಿಸಿ ಆದ ಕೂಡ್ಲೆ ಕರೆಂಟ್ ಬಿಟ್ಟುಬಿಡ್ತದೆ. ನಮ್ಮ ದೋಣಿಯಲ್ಲೂ ಹೀಗೇ ಆಗಿತ್ತು.

ಬೆಂಗ್ಳೂರ್_ಮೀನು
ಗುರು, ಈ ಕಾಲದಲ್ಲಿ ಯಾಕೆ ಟೂ ಸ್ಟ್ರೋಕ್ ಹಿಂದೆ ಬಿದ್ದಿದ್ದೀರಾ? ಫೋರ್ ಸ್ಟ್ರೋಕ್ ತಗೊಳ್ಳಿ. ಹೊಗೆ ಇಲ್ಲ, ಆಯಿಲ್ ಬೆರೆಸೋ ಗೋಜಿಲ್ಲ, ಮೈಲೇಜ್ ಜಾಸ್ತಿ.

ಕೋಡಿ_ಕಡಲು
ದುಡ್ಡಿಲ್ಲ ಅಂತ ಮೇಲೆಯೇ ಬರೆದಿದ್ದಾರಲ್ಲ. ಓದಿ ಸ್ವಾಮಿ.

ಹಳೇ_ಮೇಸ್ತ್ರಿ
ತಮ್ಮಾ, ಕ್ರ್ಯಾಂಕ್ ವಿಷಯ ತಲೆಯಿಂದ ತೆಗೀರಿ. ಕ್ರ್ಯಾಂಕ್ ಹೋದ ಎಂಜಿನ್ ಎರಡು ಎಳೆತಕ್ಕೆ ಎದ್ದು ಚೆಂದ ಓಡುವುದಿಲ್ಲ, ಅದರ ಶಬ್ದವೇ ಬೇರೆ. ಬಿಚ್ಚುವ ಮೊದಲು ಮೂರು ವಿಷಯ ಹೇಳಿ.

ಕೆಮ್ಮಿ ಸಾಯುವ ಹೊತ್ತಿಗೆ ಕಾಕ್ ತಿರುಗಿಸಿ ವಾಪಸ್ ಪೆಟ್ರೋಲ್ ಕೊಟ್ರೆ ಎದ್ದು ನಿಲ್ತದಾ? ನಿಂತರೆ ಕಾಯಿಲ್ ಅಲ್ಲ. ಕಾಯಿಲಿಗೆ ಪೆಟ್ರೋಲೂ ಒಂದೇ, ಸೀಮೆಎಣ್ಣೆಯೂ ಒಂದೇ.

ಎರಡನೇದು, ಪೆಟ್ರೋಲಲ್ಲಿ ಸ್ವಲ್ಪ ಹೊತ್ತು ಓಡಿಸಿದ ಮೇಲೆ ಹಿಂದಿನಿಂದ ಬರುವ ನೀರಿಗೆ ಕೈ ಒಡ್ಡಿ. ಬೆಚ್ಚಗಿದೆಯಾ, ತಣ್ಣಗಿದೆಯಾ? ಇದು ನೀರು ಬರ್ತದೋ ಇಲ್ಲವೋ ಅನ್ನುವುದಕ್ಕಿಂತ ಮುಖ್ಯ.

ಮೂರನೇದು, ಸೀಮೆಎಣ್ಣೆಗೆ ತಿರುಗಿಸುವುದು ಯಾವಾಗ? ಸ್ಟಾರ್ಟ್ ಆದ ಕೂಡ್ಲೆಯಾ, ಬಿಸಿ ಆದ ಮೇಲೆಯಾ?

ಸೀಮೆಎಣ್ಣೆ ತಣ್ಣಗಿನ ಎಂಜಿನ್ನಲ್ಲಿ ಆವಿ ಆಗುವುದಿಲ್ಲ. ಹನಿ ಹನಿಯಾಗಿಯೇ ಒಳಗೆ ಹೋಗ್ತದೆ, ಅರ್ಧ ಉರೀತದೆ, ಉಳಿದದ್ದು ಪ್ಲಗ್ ನೆನೆಸ್ತದೆ. ಅದಕ್ಕೇ ಈ ಮಾಡೆಲ್‌ಗಳಲ್ಲಿ ಮೊದಲು ಪೆಟ್ರೋಲ್ ಇಟ್ಟದ್ದು. ಬಿಸಿ ಆಗದಿದ್ರೆ ಸೀಮೆಎಣ್ಣೆ ಉರಿಯುವುದಿಲ್ಲ, ಅಷ್ಟೇ.

ಪಂಚಗಂಗಾವಳಿ
ಮೇಸ್ತ್ರಿಗಳೇ, ಈಗ ಡ್ರಮ್ಮಲ್ಲಿ ಇಳಿಸಿ ನೋಡಿ ಬಂದೆ. ಪೆಟ್ರೋಲ್ ಕೊಟ್ರೆ ಎದ್ದು ನಿಲ್ತದೆ, ಸ್ವಲ್ಪ ಹೊಗೆ ಉಗುಳಿ ಸರಿ ಆಗ್ತದೆ. ಒಳ್ಳೆ ಹೊತ್ತು ಪೆಟ್ರೋಲಲ್ಲೇ ಬಿಟ್ಟೆ. ನೀರು ತಣ್ಣಗೇ ಉಂಟು. ಡ್ರಮ್ಮಿನ ನೀರಿಗೂ ಇದಕ್ಕೂ ವ್ಯತ್ಯಾಸವೇ ಇಲ್ಲ. ತಿರುಗಿಸುವುದು ಬಿಸಿ ಆದ ಮೇಲೇ, ಚಿಕ್ಕಪ್ಪ ಹಾಗೇ ಹೇಳಿಕೊಟ್ಟದ್ದು.

ಹಳೇ_ಮೇಸ್ತ್ರಿ
ಹಾಗಾದ್ರೆ ನಿಮ್ಮ ಹೆಡ್ಡಲ್ಲಿ ಥರ್ಮೋಸ್ಟಾಟ್ (ಎಂಜಿನ್ ಬಿಸಿ ಆಗುವವರೆಗೆ ತಣಿಸುವ ನೀರನ್ನು ತಡೆಯುವ ವಾಲ್ವ್) ಇಲ್ಲ, ಅಥವಾ ತೆರೆದೇ ಹಿಡಿದುಕೊಂಡಿದೆ. ಹೆಡ್ ಮೇಲ್ಗಡೆ ಎರಡು ಬೋಲ್ಟಿನ ಸಣ್ಣ ಮುಚ್ಚಳ ಇರ್ತದೆ, ಹೆಚ್ಚಿನ ಮಾಡೆಲ್‌ಗಳಲ್ಲಿ ಅಲ್ಲೇ. ತೆಗೆದು ನೋಡಿ.

ಟೂಟಿ_ಆಯಿಲ್
ಎಂಜಿನ್ ತಣ್ಣಗಿದ್ರೆ ಒಳ್ಳೇದಲ್ವಾ? ಬಿಸಿ ಆಗಿ ಪಿಸ್ಟನ್ ಹಿಡಿದು ಸೀಜ್ ಆಗುವುದಕ್ಕಿಂತ ಮೇಲು.

ಮಾವಿನಕುರ್ವೆ
ನಮ್ಮ ಕಡೆ ಥರ್ಮೋಸ್ಟಾಟ್ ಕಿತ್ತು ಹಾಕುವುದು ಮಾಮೂಲು. ಉಪ್ಪು ಕೂತು ಹಿಡಿದುಕೊಂಡ್ರೆ ನಡುಗಡಲಲ್ಲಿ ಎಂಜಿನ್ ಸೀಜ್, ಯಾರಿಗೆ ಬೇಕು? ನಾವು ಹಾಗೇ ವರ್ಷಗಟ್ಟಲೆ ಓಡಿಸಿದ್ದೇವೆ, ಎಂತದ್ದೂ ಆಗ್ಲಿಲ್ಲ.

ಹಳೇ_ಮೇಸ್ತ್ರಿ
ಆಗ್ಲಿಲ್ಲ, ಯಾಕೆಂದ್ರೆ ನೀವು ದಡದಿಂದ ಬಲೆ ಬಿಡುವ ಜಾಗಕ್ಕೆ ಫುಲ್ ಥ್ರಾಟಲ್ಲಲ್ಲಿ ಹೋಗ್ತೀರಿ. ಲೋಡಲ್ಲಿ ಹೇಗೂ ಬಿಸಿ ಏರ್ತದೆ. ಬಲೆ ಎಳೆಯುವಾಗ ನಿಧಾನಕ್ಕೆ ಬಿಟ್ಟಾಗ ಎಷ್ಟು ಸಲ ಆಫ್ ಆಗ್ತದೆ, ಪ್ಲಗ್ ಎಷ್ಟು ಸಲ ಒರೆಸ್ತೀರಿ, ಅದನ್ನು ಹೇಳಿ.

ಮಾವಿನಕುರ್ವೆ
ಪ್ಲಗ್ ಒರೆಸುವುದು ಉಂಟು. ಅದು ಸೀಮೆಎಣ್ಣೆ ಎಂಜಿನ್ನಿನ ಹಣೆಬರಹ ಅಂತ ನಾವು ಬಿಟ್ಟಿದ್ದು.

ಕೋಡಿ_ಕಡಲು
😄 ಸಿಕ್ಕಿಬಿದ್ರು.

ಮಂಜೇಶ್ವರದವ
ಥರ್ಮೋಸ್ಟಾಟ್ ಹೊಸತು ಹಾಕುವ ಮೊದಲು ಪರೀಕ್ಷೆ ಮಾಡಿ. ಪಾತ್ರೆಯಲ್ಲಿ ನೀರು ಕಾಯಿಸಿ, ದಾರದಲ್ಲಿ ಕಟ್ಟಿ ಇಳಿಬಿಡಿ, ಪಕ್ಕದಲ್ಲಿ ಥರ್ಮಾಮೀಟರ್. ಔಟ್‌ಬೋರ್ಡಿನದ್ದು ಸಾಧಾರಣ 50–60 ಡಿಗ್ರಿ ಒಳಗೆ ಬಾಯಿ ಬಿಡ್ತದೆ. ಗಾತ್ರ ಸರಿ ಆಯ್ತು ಅಂತ ಕಾರಿನದ್ದು ಹಾಕಿದವರನ್ನು ನೋಡಿದ್ದೇನೆ. ಕಾರಿನದ್ದು ತೆರೆಯುವುದೇ 80ರ ಮೇಲೆ. ಅಷ್ಟು ಬಿಸಿಗೆ ಉಪ್ಪುನೀರಿನ ಉಪ್ಪೆಲ್ಲ ಸಿಲಿಂಡರ್ ಸುತ್ತಲಿನ ನೀರಿನ ಜಾಕೆಟ್ಟಿನ ಒಳಗೇ ಕೂತು ಕಲ್ಲಾಗ್ತದೆ.

ನಮ್ಮ ಕಡೆ ಮತ್ಸ್ಯಫೆಡ್‌ನವರ (ಕೇರಳದ ಮೀನುಗಾರರ ಸಹಕಾರಿ ಒಕ್ಕೂಟ) ಔಟ್‌ಬೋರ್ಡ್ ವರ್ಕ್‌ಶಾಪ್ ಉಂಟು, ಹಳೇ ಮಾಡೆಲಿನ ಬಿಡಿಭಾಗ ಒಮ್ಮೊಮ್ಮೆ ಅಲ್ಲಿ ಸಿಗ್ತದೆ. ವಿಚಾರಿಸಿ ನೋಡಬಹುದು.

ಶರಾವತಿ_ಹಿನ್ನೀರು
ಎಲ್ಲರೂ ಥರ್ಮೋಸ್ಟಾಟ್ ಹಿಂದೆ ಹೋದ್ರಿ. ನೀರು ಜೋರಿಲ್ಲ ಅಂದಿದ್ದಾರೆ, ಅದರ ಕತೆ? ಥರ್ಮೋಸ್ಟಾಟ್ ಹಾಕಿ ನೀರಿನ ಪಂಪ್ ವೀಕ್ ಇದ್ರೆ ಆಗ ನಿಜವಾಗಿಯೂ ಸೀಜ್. ಮೊದಲು ಇಂಪೆಲ್ಲರ್ ನೋಡಿ, ಪಂಪಿನ ಒಳಗೆ ನೀರು ತಳ್ಳುವ ರಬ್ಬರ್ ಚಕ್ರ.

ಹಳೇ_ಮೇಸ್ತ್ರಿ
ಸರಿಯಾದ ಮಾತು. ಕೆಳಗಿನ ಗೇರ್ ಡಬ್ಬ ಇಳಿಸಲೇಬೇಕು. ಹೇಗೆ ಅಂತ ಬರೀತೇನೆ, ಇದರಲ್ಲೇ ಹೆಚ್ಚಿನವರು ಕೆಡಿಸುವುದು.

ಗೇರ್ ರಾಡಿನ ಜಾಯಿಂಟ್ ಮೊದಲು ಬಿಚ್ಚಿ. ಅದು ಬಿಡದೆ ಬೋಲ್ಟ್ ತೆಗೆದು ಎಳೆದ್ರೆ ರಾಡ್ ಬಗ್ತದೆ, ಆಮೇಲೆ ನ್ಯೂಟ್ರಲ್ ಸಿಗುವುದೇ ಇಲ್ಲ. ಬೋಲ್ಟ್ ಸ್ಟೀಲಿಂದು, ಮೈ ಅಲ್ಯೂಮಿನಿಯಮ್ಮಿಂದು. ಉಪ್ಪುನೀರಲ್ಲಿ ಎರಡೂ ಸೇರಿ ಬಿಳಿ ಪುಡಿ ಕಟ್ಟಿ ಬೆಸುಗೆ ಹಾಕಿದ ಹಾಗೆ ಹಿಡಿದುಕೊಂಡಿರ್ತದೆ. ರಿಂಗ್ ಸ್ಪಾನರ್‌ಗೆ ಪೈಪ್ ಸಿಕ್ಕಿಸಿ ಜಗ್ಗಿದ್ರೆ ತಲೆ ಕಟ್, ಬೋಲ್ಟ್ ಒಳಗೆ. ಹಿಂದಿನ ರಾತ್ರಿಯೇ ತುಕ್ಕಿನ ಎಣ್ಣೆ ಬಿಟ್ಟಿಡಿ. ಬೆಳಿಗ್ಗೆ ಬೋಲ್ಟಿನ ತಲೆಗೆ ಸುತ್ತಿಗೆಯಲ್ಲಿ ನಾಲ್ಕು ಏಟು. ಸುತ್ತಲಿನ ಅಲ್ಯೂಮಿನಿಯಮ್ಮಿಗೆ ಗ್ಯಾಸ್ ಟಾರ್ಚ್ ತೋರಿಸಿ, ಬೋಲ್ಟಿಗಲ್ಲ. ಆಮೇಲೆ ಮೊದಲು ಒಂದು ಕೂದಲಿನಷ್ಟು ಟೈಟ್ ಮಾಡಿ ಮತ್ತೆ ಲೂಸ್ ಮಾಡಿ. ಹಿಂದೆ ಮುಂದೆ, ಹಿಂದೆ ಮುಂದೆ. ಅವಸರ ಇದ್ದವರು ಈ ಕೆಲಸಕ್ಕೆ ಕೈ ಹಾಕಬಾರದು. ಪೆಟ್ರೋಲ್ ಟ್ಯಾಂಕ್, ಹೋಸ್ ಎಲ್ಲ ದೂರ ಇಟ್ಟು ಟಾರ್ಚ್ ಹಚ್ಚಿ, ಇದನ್ನು ಹೇಳಬೇಕಾಗಿಯೇ ಇರಬಾರದು.

ಡಬ್ಬ ಇಳಿದ ಮೇಲೆ ಶಾಫ್ಟಿನ ಸುತ್ತ ಪಂಪ್ ಕಾಣ್ತದೆ. ಇಂಪೆಲ್ಲರ್ ರಬ್ಬರಿನ ಎಲೆಗಳು ಎಲ್ಲ ಒಂದೇ ಬದಿಗೆ ಬಾಗಿ ಹಾಗೇ ಗಟ್ಟಿಯಾಗಿದ್ರೆ ಹೋಯ್ತು. ತುದಿ ತುಂಡಾಗಿದ್ರೆ ತುಂಡು ಎಲ್ಲಿಗೆ ಹೋಯ್ತು ಅಂತ ಹುಡುಕಬೇಕು, ಅದು ಮೇಲೆ ನೀರಿನ ದಾರಿಯಲ್ಲೇ ಸಿಕ್ಕಿಕೊಂಡಿರ್ತದೆ. ಶಾಫ್ಟಲ್ಲಿ ಸಣ್ಣ ಕೀ ಇರ್ತದೆ, ಅರ್ಧ ಚಂದ್ರದ ಹಾಗೆ. ಅದು ಬಿದ್ದು ಅಂಗಳದ ಮರಳಲ್ಲಿ ಕಳೆದ್ರೆ ದಿನ ಹಾಳು, ಕೆಳಗೆ ಬಟ್ಟೆ ಹಾಸಿ. ಹೊಸತು ಕೂರಿಸುವಾಗ ಕಪ್ಪಿನ ಒಳಗೆ ಸ್ವಲ್ಪ ಗ್ರೀಸ್ ಸವರಿ, ಶಾಫ್ಟನ್ನು ಮೇಲಿಂದ ನೋಡಿದಾಗ ಗಡಿಯಾರದ ದಿಕ್ಕಲ್ಲೇ ತಿರುಗಿಸ್ತಾ ಒತ್ತಿ. ಎಲೆಗಳು ಸರಿಯಾದ ಬದಿಗೆ ಬಾಗ್ತವೆ.

ವಾಪಸ್ ಸೇರಿಸುವಾಗ ಶಾಫ್ಟಿನ ಹಲ್ಲಿಗೆ ಗ್ರೀಸ್ ಹಾಕಿ. ತಲೆಯ ಮೇಲೆ ಮಾತ್ರ ಗ್ರೀಸಿನ ಗುಡ್ಡೆ ಬೇಡ, ಅದು ಪೂರ್ತಿ ಒಳಗೆ ಕೂರಲು ಬಿಡುವುದಿಲ್ಲ. ಬೋಲ್ಟ್‌ಗಳಿಗೂ ಗ್ರೀಸ್, ಮುಂದಿನ ಸಲ ಬಿಚ್ಚುವವರು ನೀವೇ.

ಪಂಚಗಂಗಾವಳಿ
ಇಷ್ಟು ವಿವರವಾಗಿ ಯಾರೂ ಹೇಳಿರಲಿಲ್ಲ. ಈ ವಾರ ಕೈ ಹಾಕ್ತೇವೆ.

ಟೂಟಿ_ಆಯಿಲ್
ಆಯಿಲ್ ಎಷ್ಟು ಬೆರೆಸ್ತಿದ್ದೀರಿ? ಹೊಗೆ ಅದಕ್ಕೂ ಬರಬಹುದು. 50ಕ್ಕೆ 1 ಸಾಕು.

ಮಾವಿನಕುರ್ವೆ
50ಕ್ಕೆ 1 ಅಂದ್ರೆ ಲೀಟರಿಗೆ 20 ಎಂಎಲ್. ಹಳೇ ಸೀಮೆಎಣ್ಣೆ ಎಂಜಿನ್ನಿಗೆ ಅಷ್ಟೇ ಹಾಕಿ ಮುಗಿಸುವ ಅಂತಲಾ? ನಾವು 25ಕ್ಕೆ 1 ಹಾಕುವುದು, ಲೀಟರಿಗೆ 40.

ಟೂಟಿ_ಆಯಿಲ್
ಅದಕ್ಕೇ ನಿಮ್ಮ ದೋಣಿ ಎಲ್ಲಿದೆ ಅಂತ ಹೊಗೆ ನೋಡಿ ಗೊತ್ತಾಗುವುದು.

ಮಂಜೇಶ್ವರದವ
ಜಗಳ ಬೇಡ, ಆ ಮಾಡೆಲಿನ ಪುಸ್ತಕದಲ್ಲಿ ಏನಿದೆಯೋ ಅದು. ಪುಸ್ತಕ ಇಲ್ಲದಿದ್ರೆ ಹೆಚ್ಚಿನ ಬದಿಗೇ ಇರಲಿ. ಆಯಿಲ್ ಹೆಚ್ಚಾದ್ರೆ ಪ್ಲಗ್ ಕಪ್ಪಾಗ್ತದೆ, ಕಡಿಮೆ ಆದ್ರೆ ಪಿಸ್ಟನ್ ಗೀರ್ತದೆ.

ಅದಕ್ಕಿಂತ ಮುಖ್ಯ ಯಾವ ಆಯಿಲ್ ಅನ್ನುವುದು. ಬೈಕಿನ ಟೂಟಿ ಆಯಿಲ್ ಬೇಡ. ಡಬ್ಬದ ಮೇಲೆ ಟಿಸಿ-ಡಬ್ಲ್ಯೂ3 ಅಂತ ಇರಬೇಕು. ಬೈಕಿನದ್ದು ಗಾಳಿಯಲ್ಲಿ ತಣಿಯುವ, ಹೆಚ್ಚು ಬಿಸಿಯ ಎಂಜಿನ್ನಿಗೆ ಮಾಡಿದ್ದು. ನೀರಲ್ಲಿ ತಣಿಯುವ ಎಂಜಿನ್ನಲ್ಲಿ ಬೂದಿ ಉಳಿದು ರಿಂಗ್ ಹಿಡಿದುಕೊಳ್ತದೆ.

ಟೂಟಿ_ಆಯಿಲ್
ನನ್ನ ಹೆಸರಿಗೇ ಏಟು 😑

ಆಲಮಟ್ಟಿ_ಅಂಬಿಗ
ನಮ್ಮ ಕಡಿ ಹಿನ್ನೀರಾಗ ಪೆಟ್ರೋಲ್ ಮಾಡೆಲ್ ಐತ್ರಿ, 8 ಎಚ್‌ಪಿ. ಪೆಟ್ರೋಲ್ ತುಟ್ಟಿ ಆಗೇತಿ. ಅದಕ್ಕ ಸೀಮೆಎಣ್ಣಿ ಹಾಕಿ ಓಡಸ್ಬಹುದೇನ್ರಿ? ಒಬ್ಬಾಂವ ಬರೇ ಜೆಟ್ ಬದಲಿಸಿದ್ರ ಸಾಕು ಅಂದ.

ಹಳೇ_ಮೇಸ್ತ್ರಿ
ಬೇಡ. ಸೀಮೆಎಣ್ಣೆ ಮಾಡೆಲಿನ ಕಂಪ್ರೆಷನ್ನೇ ಕಡಿಮೆ ಇಟ್ಟಿರ್ತಾರೆ, ಪ್ಲಗ್ ಸಹ ಬೇರೆ. ಸೀಮೆಎಣ್ಣೆಯ ಆಕ್ಟೇನ್ ಬಹಳ ಕಡಿಮೆ, ಅಂದ್ರೆ ಒತ್ತಡಕ್ಕೆ ತನ್ನಿಂತಾನೇ ಬೇಗ ಹೊತ್ತಿಕೊಳ್ತದೆ. ಪೆಟ್ರೋಲ್ ಮಾಡೆಲಿಗೆ ಹಾಕಿ ಲೋಡ್ ಕೊಟ್ರೆ ಒಳಗೆ ಟಕಟಕ ಹೊಡೀತದೆ, ಆ ಹೊಡೆತಕ್ಕೆ ಪಿಸ್ಟನ್ ತಲೆ ತೂತಾಗ್ತದೆ. ಜೆಟ್ ಬದಲಿಸಿದ್ರೆ ಅದು ನಿಲ್ಲುವುದಿಲ್ಲ.

ಆಲಮಟ್ಟಿ_ಅಂಬಿಗ
ಛಲೋ ಆತ್ರಿ ಕೇಳಿದ್ದು. ಅಂವ ನಾಳೆ ಬರ್ತೀನಿ ಅಂದಿದ್ದ, ಬ್ಯಾಡ ಅಂತೀನಿ.

ಕೋಡಿ_ಕಡಲು
ಸೀಮೆಎಣ್ಣೆ ಸಿಕ್ಕಿದ್ರೆ ಅಲ್ವಾ ಈ ಮಾತೆಲ್ಲ. ಸಬ್ಸಿಡಿದು ಬೇಕಾದಾಗ ಬರುವುದಿಲ್ಲ, ಬಂದಾಗ ಕಡಲು ಇಳಿಯಲು ಬಿಡುವುದಿಲ್ಲ. ಹೊರಗೆ ತಗೊಂಡ್ರೆ ಮೀನು ಮಾರಿದ ದುಡ್ಡು ಅದಕ್ಕೇ ಸರಿ. ಸೀಮೆಎಣ್ಣೆ ಎಂಜಿನ್ ಬಿಟ್ಟು ಪೆಟ್ರೋಲಿಗೆ ಹೋಗಿ ಅಂತಾರೆ, ಪೆಟ್ರೋಲಿನ ರೇಟು ಯಾರು ಕೊಡುವುದು?

ಬೆಂಗ್ಳೂರ್_ಮೀನು
ಅದಕ್ಕೇ ಹೇಳಿದ್ದು, ಫೋರ್ ಸ್ಟ್ರೋಕ್.

ಮಾವಿನಕುರ್ವೆ
ನಿಮ್ಮ ಫೋರ್ ಸ್ಟ್ರೋಕ್ ಹೊತ್ತುಕೊಂಡು ಮರಳಲ್ಲಿ ನಡೆದು ನೋಡಿ ಒಮ್ಮೆ. ಅದೇ ಎಚ್‌ಪಿಗೆ ಟೂ ಸ್ಟ್ರೋಕಿಗಿಂತ ಭಾರ. ನಮ್ಮಲ್ಲಿ ದಿನಾ ಎಂಜಿನ್ ದೋಣಿಯಿಂದ ಇಳಿಸಿ ಮನೆಗೆ ತರಬೇಕು, ದಡದಲ್ಲಿ ಬಿಟ್ರೆ ಬೆಳಿಗ್ಗೆ ಇರುವುದಿಲ್ಲ.

ಬೆಂಗ್ಳೂರ್_ಮೀನು
ಒಪ್ಪಿದೆ, ಭಾರದ ವಿಷಯ ಯೋಚಿಸಿರಲಿಲ್ಲ.

ಶರಾವತಿ_ಹಿನ್ನೀರು
ಪೆಟ್ರೋಲ್ ಅಂದ್ರೆ ಇನ್ನೊಂದು ಉಂಟು. ಈಗ ಬಂಕಲ್ಲಿ ಸಿಗುವುದು ಇ-20, ಐದರಲ್ಲೊಂದು ಪಾಲು ಎಥನಾಲ್. ಅದು ನೀರು ಎಳ್ಕೊಳ್ತದೆ. ನಮ್ಮ ಕರಾವಳಿಯ ಮಳೆಗಾಲದ ಗಾಳಿಯಲ್ಲಿ ಅರ್ಧ ತುಂಬಿದ ಟ್ಯಾಂಕ್ ತಿಂಗಳುಗಟ್ಟಲೆ ಇಟ್ರೆ ಎಥನಾಲೂ ನೀರೂ ಸೇರಿ ಪ್ರತ್ಯೇಕ ಆಗಿ ಅಡಿಯಲ್ಲಿ ಕೂರ್ತದೆ. ಪೈಪ್ ಎಳೆಯುವುದೂ ಅಡಿಯಿಂದಲೇ. ಅದರಲ್ಲಿ ಆಯಿಲೂ ಇರುವುದಿಲ್ಲ, ಟೂ ಸ್ಟ್ರೋಕಿಗೆ ಅದಕ್ಕಿಂತ ಕೆಟ್ಟದ್ದು ಬೇರೆ ಬೇಕಾ.

ಸಂಶಯ ಇದ್ರೆ ಉದ್ದ ಗಾಜಿನ ಬಾಟಲಿಯಲ್ಲಿ ಸ್ವಲ್ಪ ನೀರು ಹಾಕಿ ಮಟ್ಟಕ್ಕೆ ಗೆರೆ ಎಳೀರಿ, ಮೇಲೆ ಪೆಟ್ರೋಲ್ ಹಾಕಿ ಕುಲುಕಿ ಬಿಡಿ. ಕೆಳಗಿನ ನೀರಿನ ಮಟ್ಟ ಗೆರೆಗಿಂತ ಮೇಲೆ ಬಂದಿದ್ರೆ ಬಂದಷ್ಟೂ ಎಥನಾಲ್. ಹಳೇ ರಬ್ಬರ್ ಹೋಸ್, ಕೈಯಲ್ಲಿ ಒತ್ತುವ ಬಲ್ಬ್ ಸಹ ಇದಕ್ಕೆ ಬೇಗ ಮೆತ್ತಗಾಗ್ತವೆ. ಅಷ್ಟು ಹಳೇ ಎಂಜಿನ್ ಆದ್ರೆ ಹೋಸ್ ಬದಲಿಸಿಬಿಡಿ, ದೊಡ್ಡ ಖರ್ಚಲ್ಲ.

ಬಹ್ರೇನ್_ಬೈಂದೂರು
ಹ್ವಾಯ್, ಹಳೇದು ಅಂದ್ರೆ ನಂದು ಕೇಳಿ. ಅಜ್ಜನ ಕಾಲದ ಒಂದು ಜಾನ್ಸನ್ ಔಟ್‌ಬೋರ್ಡ್ ಊರಲ್ಲಿ ಅಟ್ಟದ ಮೇಲೆ ಉಂಟು. ರಜೆಗೆ ಬಂದಾಗ ಸ್ಟಾರ್ಟ್ ಮಾಡುವ ಆಸೆ. ಪ್ಲಗ್ಗಲ್ಲಿ ಕಿಡಿ ಸ್ವಲ್ಪವೂ ಇಲ್ಲ.

ಮಂಜೇಶ್ವರದವ
ಅಷ್ಟು ಹಳೇದಾದ್ರೆ ಸಿಡಿಐ (ಕಿಡಿ ಕೊಡುವ ಎಲೆಕ್ಟ್ರಾನಿಕ್ ಡಬ್ಬ) ಇರುವುದಿಲ್ಲ, ಫ್ಲೈವೀಲ್ ಅಡಿಯಲ್ಲಿ ಪಾಯಿಂಟ್, ಅಂದ್ರೆ ತೆರೆದು ಮುಚ್ಚಿ ಕಿಡಿ ಹುಟ್ಟಿಸುವ ಸ್ವಿಚ್ ಇರ್ತದೆ. ನಿಂತು ನಿಂತು ಅದರ ಮೇಲೆ ಪೊರೆ ಕಟ್ತದೆ, ಕಿಡಿ ಇಲ್ಲದಿರುವುದು ಹೆಚ್ಚಾಗಿ ಅದಕ್ಕೇ. ಫ್ಲೈವೀಲನ್ನು ಪುಲ್ಲರ್ ಹಾಕಿಯೇ ತೆಗೀರಿ, ಸುತ್ತಿಗೆ ಬೇಡ. ನಯ ಕಾಗದದಲ್ಲಿ ಪಾಯಿಂಟ್ ಉಜ್ಜಿ, ಆಮೇಲೆ ಬರೀ ಬಿಳಿ ಕಾಗದ ಎಳೆದು ಪುಡಿ ತೆಗೆದು, ಪೂರ್ತಿ ತೆರೆದಾಗ 0.020 ಇಂಚು ಬರುವ ಹಾಗೆ ಫೀಲರ್ ಗೇಜ್ ಇಟ್ಟು ಕೂರಿಸಿ. ಹಳೇ ಜಾನ್ಸನ್, ಎವಿನ್‌ರೂಡ್ ಎರಡಕ್ಕೂ ಇದೇ ಅಳತೆ. ಕಾಯಿಲ್ ಬಿರುಕು ಬಿಟ್ಟಿದ್ರೆ ಅದನ್ನೂ ಬದಲಿಸಬೇಕು.

ಓಲೆ ಎವಿನ್‌ರೂಡ್ 1909ರಲ್ಲಿ ಶುರು ಮಾಡಿದ ಹೆಸರು, 2020ಕ್ಕೆ ಆ ಔಟ್‌ಬೋರ್ಡ್ ತಯಾರಿಕೆಯೇ ನಿಂತಿತು. ಹಾಗಿದ್ರೂ ಹಳೇದಕ್ಕೆ ಬೇರೆಯವರು ಮಾಡುವ ಬಿಡಿಭಾಗ ಸಿಗ್ತದೆ. ನೀವು ಬಹ್ರೇನಲ್ಲೇ ಇದ್ದೀರಲ್ಲ, ಅಲ್ಲೇ ಹುಡುಕಿ ತಗೊಂಡು ಬನ್ನಿ.

ಬಹ್ರೇನ್_ಬೈಂದೂರು
ಹೆಂಡತಿಗೆ ಚಿನ್ನ ಬಿಟ್ಟು ಪಾಯಿಂಟ್ ಸೆಟ್ ತಂದೆ ಅಂದ್ರೆ ಮನೆ ಒಳಗೆ ಬಿಡುವುದಿಲ್ಲ.

ಮಾವಿನಕುರ್ವೆ
ಅಳಿವೆಯಲ್ಲಿ ದೋಣಿ ಮಗುಚಿ ಎಂಜಿನ್ ಮುಳುಗಿದ್ರೆ ಏನು ಮಾಡುವುದು ಅಂತ ಯಾರಾದ್ರೂ ಹೇಳಿ. ಕಳೆದ ಮಳೆಗಾಲ ನಮ್ಮ ಊರಲ್ಲಿ ಒಂದು ಹಾಗೇ ಹೋಯ್ತು. ಮೇಲೆ ತಂದು ಬಿಸಿಲಿಗೆ ಇಟ್ರು ಒಣಗಲಿ ಅಂತ, ಎರಡನೇ ದಿನಕ್ಕೆ ಹಗ್ಗ ಎಳೆದ್ರೆ ಅಲುಗಾಟವೇ ಇಲ್ಲ.

ಹಳೇ_ಮೇಸ್ತ್ರಿ
ಬಿಸಿಲಿಗೆ ಇಟ್ಟದ್ದೇ ಅದನ್ನು ಕೊಂದದ್ದು. ನೀರಲ್ಲಿ ಇರುವಾಗ ತುಕ್ಕು ನಿಧಾನ, ಗಾಳಿ ಸಿಕ್ಕ ಕೂಡ್ಲೆ ಬೇರಿಂಗ್ ಹಿಡಿಯಲು ಗಂಟೆಗಳು ಸಾಕು. ಕೂಡ್ಲೆ ಕೆಲಸ ಮಾಡಲು ಆಗದಿದ್ರೆ ಸಿಹಿನೀರಿನ ಡ್ರಮ್ಮಲ್ಲೇ ಮುಳುಗಿಸಿಡಿ. ಕೆಲಸ ಮಾಡುವಾಗ ಸಿಹಿನೀರಲ್ಲಿ ತೊಳೆದು, ಪ್ಲಗ್ ತೆಗೆದು, ಪ್ಲಗ್ ತೂತು ಕೆಳಗೆ ಬರುವ ಹಾಗೆ ಮಲಗಿಸಿ ಫ್ಲೈವೀಲ್ ಕೈಯಲ್ಲಿ ತಿರುಗಿಸಿ ನೀರು ಬಸಿಯಿರಿ. ಕಾರ್ಬೊರೇಟರ್ ಖಾಲಿ ಮಾಡಿ. ಸಿಲಿಂಡರಿಗೂ ಕಾರ್ಬೊರೇಟರ್ ಬಾಯಿಗೂ ಆಯಿಲ್ ಬಿಟ್ಟು ತಿರುಗಿಸಿ, ಅದೇ ದಿನ ಸ್ಟಾರ್ಟ್ ಮಾಡಿ ಚೆನ್ನಾಗಿ ಬಿಸಿ ಆಗುವವರೆಗೆ ಓಡಿಸಬೇಕು.

ಓಡುತ್ತಿರುವಾಗಲೇ ಮುಳುಗಿದ್ದಾದ್ರೆ ಹಗ್ಗ ಎಳೆಯಲೇಬೇಡಿ. ನೀರು ಒತ್ತಲು ಆಗದೆ ಕನೆಕ್ಟಿಂಗ್ ರಾಡ್ ಬಗ್ಗಿರಬಹುದು. ಕೈಯಲ್ಲಿ ತಿರುಗಿಸಿ ಎಲ್ಲಾದ್ರೂ ಅಡ್ಡ ಸಿಕ್ರೆ ಅಲ್ಲಿಗೇ ನಿಲ್ಲಿಸಿ, ಬಿಚ್ಚಿಯೇ ನೋಡಬೇಕು.

ಪಂಚಗಂಗಾವಳಿ
ಬಿಚ್ಚಿದೆವು! ಹೆಡ್ ಮೇಲಿನ ಮುಚ್ಚಳ ತೆಗೆದ್ರೆ ಒಳಗೆ ಥರ್ಮೋಸ್ಟಾಟೇ ಇಲ್ಲ. ಚಿಕ್ಕಪ್ಪನ ಹತ್ರ ಕೇಳಿದ್ರೆ "ಅದು ಬೇಡ ಅಂತ ಆಗಲೇ ತೆಗೆದದ್ದು, ಎಲ್ರೂ ತೆಗೀತಿದ್ರು" ಅಂತ ನಗ್ತಾರೆ.

ಕೆಳಗಿನ ಬೋಲ್ಟ್ ಒಂದು ಸುಮಾರು ಸತಾಯಿಸಿತು. ಟಾರ್ಚ್ ತೋರಿಸಿ ಹಿಂದೆ ಮುಂದೆ ಮಾಡ್ತಾ ಇದ್ದಾಗ ಕಿರ್ ಅಂತ ಸದ್ದಾಗಿ ಬಿಟ್ಟಿತು, ಎಳೆ ತುಂಬ ಬಿಳಿ ಹಿಟ್ಟು. ಇಂಪೆಲ್ಲರಿನ ಎರಡು ಎಲೆಗೆ ತುದಿಯೇ ಇಲ್ಲ, ಉಳಿದವು ಬಾಗಿ ಪ್ಲಾಸ್ಟಿಕ್ಕಿನ ಹಾಗೆ ಆಗಿದ್ದವು. ಒಂದು ತುಂಡು ತಾಮ್ರದ ನೀರಿನ ಪೈಪಿನ ಬಾಯಲ್ಲೇ ಇತ್ತು, ಇನ್ನೊಂದು ಹೆಡ್ ಕವರ್ ತೆಗೆದಾಗ ಉಪ್ಪಿನ ಜೊತೆ ಬಂತು. ಥರ್ಮೋಸ್ಟಾಟ್, ಇಂಪೆಲ್ಲರ್ ಎರಡೂ ಹೊಸತು ಹಾಕಿದ್ದೇವೆ. ಡ್ರಮ್ಮಲ್ಲಿ ಓಡಿಸಿದ್ರೆ ಈಗ ನೀರು ಉಗುರು ಬೆಚ್ಚಗೆ, ಜೋರಾಗಿ ಬರ್ತದೆ. ಸೀಮೆಎಣ್ಣೆಗೆ ತಿರುಗಿಸಿ ನಿಧಾನಕ್ಕೆ ಬಿಟ್ರೂ ನಿಲ್ಲಲಿಲ್ಲ. ಹೊಳೆಯಲ್ಲೂ ಒಂದು ಸುತ್ತು ಹಾಕಿ ಬಂದೆವು.

ಆದ್ರೆ ಗೇರ್ ಆಯಿಲ್ ಬದಲಿಸುವ ಅಂತ ಅಡಿಯ ಸ್ಕ್ರೂ ಬಿಚ್ಚಿದ್ರೆ ಹಾಲು ಹಾಕಿದ ಕಾಫಿ ಬಂತು. ಇದೆಂತದ್ದು ಈಗ?

ಕೋಡಿ_ಕಡಲು
ಹೊಳೆ ಸುತ್ತಿ ಬಂದ ಮೇಲೆ ಸಿಹಿನೀರಿನ ಡ್ರಮ್ಮಲ್ಲಿ ಇನ್ನೊಮ್ಮೆ ಓಡಿಸಿದ್ರಾ? ಅದು ಬಿಟ್ರೆ ಹೊಸ ಥರ್ಮೋಸ್ಟಾಟೂ ಹಳೇದರ ದಾರಿಯೇ.

ಶರಾವತಿ_ಹಿನ್ನೀರು
ನೀರು ಸೇರಿದೆ. ದೋಣಿ ತಳ್ಳುವ ಫ್ಯಾನಿನ ಶಾಫ್ಟ್ ಸೀಲ್ ಹೋಗಿರ್ತದೆ. ಫ್ಯಾನ್ ಬಿಚ್ಚಿ ಹಿಂದೆ ನೋಡಿ, ತಂಗೂಸಿ ದಾರ ಸುತ್ತಿಕೊಂಡಿರಬಹುದು. ಅದು ಒಳಗೆ ನುಗ್ಗಿ ಸೀಲಿನ ತುಟಿ ಕೊಯ್ದುಬಿಡ್ತದೆ. ಆಯಿಲ್ ಸ್ಕ್ರೂಗಳ ವಾಷರ್ ಎರಡನ್ನೂ ಬದಲಿಸಿ, ಕೆಲವೊಮ್ಮೆ ಅಷ್ಟರಲ್ಲೇ ಮುಗೀತದೆ.

ಹಳೇ_ಮೇಸ್ತ್ರಿ
ಸೀಲ್ ಎರಡಿದ್ರೆ ಎರಡನ್ನೂ ಹಾಕಿ. ತುಟಿ ಯಾವ ಕಡೆಗಿತ್ತು ಅಂತ ಹಳೇದು ತೆಗೆಯುವ ಮೊದಲು ಫೋಟೋ ತೆಗೆದಿಡಿ. ಶಾಫ್ಟಲ್ಲಿ ಸೀಲ್ ಕೂರುವ ಜಾಗಕ್ಕೆ ಉಗುರು ಓಡಿಸಿ ನೋಡಿ, ಗೆರೆ ಸಿಕ್ಕಿದ್ರೆ ಹೊಸ ಸೀಲೂ ನಿಲ್ಲುವುದಿಲ್ಲ. ಗೇರ್ ಆಯಿಲ್ 90 ನಂಬರಿನದ್ದು, ಕೆಳಗಿನ ತೂತಿಂದ ಒತ್ತಿ ಮೇಲಿನ ತೂತಲ್ಲಿ ಗುಳ್ಳೆ ಇಲ್ಲದೆ ಹೊರಗೆ ಬರುವವರೆಗೆ ತುಂಬಿಸಿ. ಮೇಲಿನ ಸ್ಕ್ರೂ ಮೊದಲು ಹಾಕಿ, ಕೆಳಗಿನದ್ದು ಆಮೇಲೆ. ಮೇಲಿಂದ ಹೊಯ್ದರೆ ಗಾಳಿ ಸಿಕ್ಕಿಕೊಂಡು ಅರ್ಧವೂ ತುಂಬುವುದಿಲ್ಲ.

ಪಂಚಗಂಗಾವಳಿ
ದಾರ ಉಂಟು! ಫ್ಯಾನ್ ಹಿಂದೆ ಮುಷ್ಟಿಯಷ್ಟು ಸುತ್ತಿಕೊಂಡಿತ್ತು. ಡ್ರಮ್ಮಲ್ಲಿ ತೊಳೆದದ್ದೂ ಆಯ್ತು ಕೋಡಿಯವರೇ. ಸೀಲ್ ಕುಂದಾಪುರದಲ್ಲಿ ಸಿಗ್ತದಾ, ಮಲ್ಪೆಗೇ ಹೋಗಬೇಕಾ?

ಕೋಡಿ_ಕಡಲು
ಹಳೇ ಸೀಲನ್ನೇ ಹಿಡ್ಕೊಂಡು ಹೋಗಿ, ಅದರ ಮೇಲೆ ಅಳತೆ ಬರೆದಿರ್ತದೆ. ಬೇರಿಂಗ್ ಅಂಗಡಿಯಲ್ಲಿ ಅದೇ ಅಳತೆಯದ್ದು ಸಿಕ್ಕಿದ್ರೂ ನಡೀತದೆ.

ಟೂಟಿ_ಆಯಿಲ್
ಜೂನ್ ಒಂದಕ್ಕೆ ಟ್ರಾಲರ್ ಬಂದ್. ಜುಲೈ ಮುಗಿಯುವವರೆಗೆ 10 ಎಚ್‌ಪಿ ಒಳಗಿನ ನಾಡದೋಣಿಗೆ ಮಾತ್ರ ಬಿಡುವುದು, ನಿಮ್ಮ 9.9 ಸರಿಯಾಗಿ ಕೂರ್ತದೆ. ಸೀಲ್ ಬೇಗ ಹಾಕಿ, ಮತ್ತೆ ಸಿಗಡಿ ಬಿದ್ರೆ ಇಲ್ಲಿ ಸಲಹೆ ಕೊಟ್ಟವರ ಲೆಕ್ಕ ಇಟ್ಟುಕೊಳ್ಳಿ.

ಮಾವಿನಕುರ್ವೆ
ಕಾರ್ಬೊರೇಟರ್ ಅಂದವರಿಗೆ ಇಲ್ಲ.